ಸ್ಟಾಕ್ ರಿಜಿಸ್ಟರಿಗೆ ಸಿಗದ ಲೈಸೆನ್ಸುಗಳು: ಒಂದು ಸಂಖ್ಯಾಶಾಸ್ತ್ರ ವಿಭಾಗದ ಪ್ರಕರಣ

2024ರ ಜೂನ್‌ನಲ್ಲಿ ನಮ್ಮ ವಿಭಾಗದ ಕಂಪ್ಯೂಟರ್ ಲ್ಯಾಬ್ ನನ್ನ ಪಾಲಿಗೆ ಬಂತು. ರಾಜ್ಯದ ಒಂದು ವಿಶ್ವವಿದ್ಯಾಲಯ, ಸಂಖ್ಯಾಶಾಸ್ತ್ರ ವಿಭಾಗ. ಹಿಂದಿನ ಇನ್‌ಚಾರ್ಜ್ ಸರ್ ಚಾರ್ಜ್ ಕೊಡುವಾಗ ಮೂರು ವಸ್ತು ಕೈಗಿಟ್ಟರು. ಒಂದು ಬೀಗದ ಕೈ ಗೊಂಚಲು. ಒಂದು ದಪ್ಪ ಸ್ಟಾಕ್ ರಿಜಿಸ್ಟರ್. ಇನ್ನೊಂದು ಪ್ಲಾಸ್ಟಿಕ್ ಕವರು; ಅದರೊಳಗೆ ಹಳೆ ಸಿಡಿಗಳು, ಮಡಿಸಿದ ಬಿಲ್ಲುಗಳು, ಒಂದು ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಇಪ್ಪತ್ತೈದು ಅಕ್ಷರದ ಸಾಫ್ಟ್‌ವೇರ್ ಕೀ. ಯಾವುದರ ಕೀ ಅಂತ ಚೀಟಿಯಲ್ಲಿ ಇರಲಿಲ್ಲ.

ರಿಜಿಸ್ಟರ್ ಮಾತ್ರ ಅಚ್ಚುಕಟ್ಟಾಗಿತ್ತು. ಕುರ್ಚಿ, ಟೇಬಲ್, ಯುಪಿಎಸ್, ಫ್ಯಾನು, ಕಂಪ್ಯೂಟರ್ ಎಲ್ಲಕ್ಕೂ ಒಂದೊಂದು ಪುಟ, ಬಿಲ್ ನಂಬರು, ತಾರೀಖು, ಸಹಿ. ಆದರೆ ಆ ಕಂಪ್ಯೂಟರುಗಳಲ್ಲಿ ಓಡುತ್ತಿದ್ದ ಸಾಫ್ಟ್‌ವೇರಿಗೆ ಒಂದು ಪುಟವೂ ಇಲ್ಲ. ಕೈಯಲ್ಲಿ ಮುಟ್ಟಿ ಎಣಿಸಬಹುದಾದ್ದಕ್ಕೆ ಮಾತ್ರ ಆ ಪುಸ್ತಕದಲ್ಲಿ ಜಾಗ. ನಮ್ಮ ಮುಂದಿನ ಹತ್ತು ತಿಂಗಳ ಒದ್ದಾಟಕ್ಕೆಲ್ಲ ಮೂಲ ಇದೇ ಅಂತ ಆಗ ನನಗೆ ಹೊಳೆದಿರಲಿಲ್ಲ.

ಆಗ ತಲೆಯಲ್ಲಿ ಇದ್ದದ್ದು ಒಂದೇ ತಾರೀಖು. 2025ರ ಅಕ್ಟೋಬರ್ 14. ಅವತ್ತಿಗೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುವ ಉಚಿತ ಭದ್ರತಾ ಅಪ್‌ಡೇಟ್ ನಿಲ್ಲುವುದಿತ್ತು. ನಮ್ಮ ಲ್ಯಾಬಿನಲ್ಲಿ ಇದ್ದದ್ದೆಲ್ಲ ವಿಂಡೋಸ್ 10.

ಎಣಿಕೆ

ರಿಜಿಸ್ಟರಿನ ಪ್ರಕಾರ ನಮ್ಮಲ್ಲಿ 58 ಕಂಪ್ಯೂಟರ್. ಅಟೆಂಡರ್ ಅಣ್ಣ ಮೊಬೈಲ್ ಟಾರ್ಚ್ ಹಿಡಿದರು, ನಾನು ಟೇಬಲ್ ಕೆಳಗೆ ಬಗ್ಗಿ ಸೀರಿಯಲ್ ನಂಬರ್ ಬರೆದುಕೊಂಡೆ. ಎರಡು ಮಧ್ಯಾಹ್ನ ಹಿಡಿಯಿತು. ಸಿಕ್ಕಿದ್ದು 56. ಉಳಿದೆರಡು ಪರೀಕ್ಷಾ ವಿಭಾಗಕ್ಕೆ ಹೋಗಿದ್ದಕ್ಕೆ ಪತ್ರ ಫೈಲಿನಲ್ಲೇ ಇತ್ತು. ಅಲ್ಲಿಗೆ ಪೆಟ್ಟಿಗೆಗಳ ಲೆಕ್ಕ ಮುಗಿಯಿತು.

ಲೈಸೆನ್ಸಿನ ಲೆಕ್ಕ ಬೇರೆ. ಹಿಂದೆ ವಿಂಡೋಸ್ 7ರ ಕಾಲದಲ್ಲಿ ಸಿಪಿಯು ಬಾಕ್ಸಿನ ಮೈಮೇಲೆ ಸ್ಟಿಕ್ಕರ್ ಇರುತ್ತಿತ್ತು, ಅದರಲ್ಲೇ ಕೀ. ವಿಂಡೋಸ್ 8 ಬಂದ ಮೇಲೆ, ಕಂಪನಿಯಲ್ಲೇ ವಿಂಡೋಸ್ ಹಾಕಿ ಕಳಿಸುವ ಮಷೀನುಗಳಲ್ಲಿ ಕೀ ಮದರ್‌ಬೋರ್ಡಿನ ಬಯೋಸ್ ಒಳಗೇ ಕೂತಿರುತ್ತದೆ. ಸ್ಟಿಕ್ಕರ್ ನೋಡಿ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಒಂದೊಂದೇ ಮಷೀನ್ ಆನ್ ಮಾಡಿ, ಕಮಾಂಡ್ ಕಿಟಕಿಯಲ್ಲಿ 'ಎಸ್‌ಎಲ್‌ಎಂಜಿಆರ್' ಅನ್ನುವ ಆದೇಶವನ್ನು 'ಡಿಎಲ್‌ವಿ' ಜೊತೆ ಕೊಟ್ಟೆ. ಒಂದು ಸಣ್ಣ ಚೌಕ ತೆರೆದುಕೊಳ್ಳುತ್ತದೆ. ಅದರಲ್ಲಿ ಲೈಸೆನ್ಸ್ ಯಾವ ದಾರಿಯಲ್ಲಿ ಬಂದದ್ದು ಅಂತ ಬರೆದಿರುತ್ತದೆ: ಮಷೀನ್ ಜೊತೆ ಬಂದದ್ದಾದರೆ ಓಇಎಂ, ಅಂಗಡಿಯಲ್ಲಿ ಕೊಂಡದ್ದಾದರೆ ರೀಟೇಲ್, ಸಂಸ್ಥೆಗೆ ಸಗಟಾಗಿ ಕೊಂಡದ್ದಾದರೆ ವಾಲ್ಯೂಮ್.

ಮೊದಲ ಸಾಲಿನ 20 ಮಷೀನು 2014ರವು. ನಾಲ್ಕನೇ ತಲೆಮಾರಿನ ಐ3. ಎಲ್ಲವೂ ಓಇಎಂ. ವಿಂಡೋಸ್ 8.1 ಜೊತೆ ಬಂದಿದ್ದವು. 2015ರ ಜುಲೈ 29ರಿಂದ ಒಂದು ವರ್ಷ ಮೈಕ್ರೋಸಾಫ್ಟ್ ಪುಕ್ಕಟೆಯಾಗಿ ವಿಂಡೋಸ್ 10 ಕೊಟ್ಟಾಗ ಯಾರೋ ಪುಣ್ಯಾತ್ಮರು ಅಪ್‌ಗ್ರೇಡ್ ಮಾಡಿಸಿದ್ದರು. ಪೂರ್ತಿ ಕಾನೂನುಬದ್ಧ.

ಹಿಂದಿನ ಸಾಲುಗಳ 24 ಮಷೀನು 2019ರ ಮಾರ್ಚ್ ಕೊನೆ ವಾರದ ಖರೀದಿ. ಎಂಟನೇ ತಲೆಮಾರಿನ ಐ5, ಒಳ್ಳೆ ಮಷೀನು. ಚೌಕ ತೆರೆಯಿತು. ವಾಲ್ಯೂಮ್ ಅಂತ ಇದೆ. ಜೊತೆಗೆ ಕೆಎಂಎಸ್ ಸರ್ವರ್ ಅಂತ ಒಂದು ವಿಳಾಸ. ಆ ವಿಳಾಸ ನಮ್ಮ ವಿಶ್ವವಿದ್ಯಾಲಯದ್ದಲ್ಲ. ಆ ಮಷೀನೇ ತನಗೆ ತಾನು ಸರ್ವರ್ ಅಂತ ಹೇಳಿಕೊಳ್ಳುತ್ತಿತ್ತು. ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್, ವಿಂಡೋಸ್ ಡಿಫೆಂಡರ್ ತೆರೆದು ನೋಡಿದೆ: ಒಂದು ಫೋಲ್ಡರನ್ನು ತಪಾಸಣೆಯಿಂದ ಹೊರಗಿಟ್ಟಿತ್ತು. ಅದರೊಳಗೆ ಆ್ಯಕ್ಟಿವೇಟರ್.

ಇದು ಏನು ಅಂತ ಬಿಡಿಸಿ ಹೇಳಬೇಕು, ಯಾಕಂದ್ರೆ ಸಾಕಷ್ಟು ಲ್ಯಾಬುಗಳಲ್ಲಿ ಇದೇ ಇರುತ್ತದೆ ಮತ್ತು ಯಾರಿಗೂ ಗೊತ್ತಿರುವುದಿಲ್ಲ. ದೊಡ್ಡ ಸಂಸ್ಥೆಗಳು ಒಂದೊಂದು ಕಂಪ್ಯೂಟರಿಗೂ ಕೀ ಹೊಡೆಯುತ್ತ ಕೂರಲು ಆಗುವುದಿಲ್ಲ. ಅದಕ್ಕೇ ಸಂಸ್ಥೆಯೊಳಗೇ ಒಂದು ಕೆಎಂಎಸ್ ಸರ್ವರ್ ಇಡುತ್ತಾರೆ. ಕನಿಷ್ಠ 25 ಕಂಪ್ಯೂಟರ್ ಅದನ್ನು ಸಂಪರ್ಕಿಸಿದರೆ ವಿಂಡೋಸ್ ಸಕ್ರಿಯವಾಗುತ್ತದೆ. ಆ ಸಕ್ರಿಯತೆ 180 ದಿನ ಇರುತ್ತದೆ, ಅಷ್ಟರೊಳಗೆ ಮತ್ತೆ ಸಂಪರ್ಕಿಸಬೇಕು. ಕಳ್ಳ ಆ್ಯಕ್ಟಿವೇಟರ್ ಮಾಡುವುದು ಇದರ ನಕಲು. ಮಷೀನೊಳಗೇ ಸುಳ್ಳು ಸರ್ವರ್ ಕೂರಿಸುತ್ತದೆ. ಅದು ಕೆಲಸ ಮಾಡಬೇಕಾದರೆ ಆ್ಯಂಟಿವೈರಸ್ಸಿನ ಕಣ್ಣು ಕಟ್ಟಬೇಕು. ಹಾಗೆ ಕಣ್ಣು ಕಟ್ಟಿದ ಮಷೀನಿನಲ್ಲೇ ನಮ್ಮ ಹುಡುಗರು ಐದು ವರ್ಷ ಪೆನ್‌ಡ್ರೈವ್ ಹಾಕಿದ್ದಾರೆ, ಇಮೇಲ್ ತೆರೆದಿದ್ದಾರೆ, ಬ್ಯಾಂಕಿನ ಸ್ಕಾಲರ್‌ಶಿಪ್ ಅರ್ಜಿ ತುಂಬಿದ್ದಾರೆ. ಅದನ್ನು ನೆನೆದು ನನಗೆ ಅವತ್ತು ಊಟ ಸೇರಲಿಲ್ಲ.

ಕಾನೂನಿನ ಮಾತು ಬೇರೆ ಇದೆ. ಹಕ್ಕುಸ್ವಾಮ್ಯ ಕಾಯ್ದೆ 1957ರ 63ಬಿ ಕಲಂ ಪ್ರಕಾರ, ಕಳ್ಳ ಪ್ರತಿ ಅಂತ ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಬಳಸಿಲ್ಲ ಅಂತಾದರೆ ಕೋರ್ಟು ಜೈಲು ಬಿಟ್ಟು 50,000ದವರೆಗಿನ ದಂಡ ಮಾತ್ರ ಹಾಕಬಹುದು. 'ಗೊತ್ತಿದ್ದೂ' ಅನ್ನುವುದು ಆ ಕಲಂನ ಮುಖ್ಯ ಮಾತು. ನಿನ್ನೆಯವರೆಗೆ ನಮಗೆ ಗೊತ್ತಿರಲಿಲ್ಲ. ಇವತ್ತು ಗೊತ್ತು.

ಈ 24 ಹೀಗಾದದ್ದು ಹೇಗೆ? ಹಳೆ ಕಡತ ತೆಗೆದೆ. ಇಂಡೆಂಟಿನಲ್ಲಿ, ಅಂದರೆ ಖರೀದಿಯ ಬೇಡಿಕೆ ಪತ್ರದಲ್ಲಿ, ಪ್ರೊಸೆಸರ್, ರ‍್ಯಾಮ್, ಹಾರ್ಡ್ ಡಿಸ್ಕ್, ಮಾನಿಟರ್ ಎಲ್ಲ ಬರೆದಿದೆ. ಆಪರೇಟಿಂಗ್ ಸಿಸ್ಟಮ್ ಎದುರಿಗೆ 'ಡಾಸ್' ಅಂತ ಇದೆ. ಡಾಸ್ ಮಷೀನು ಅಂದರೆ ವಿಂಡೋಸ್ ಇಲ್ಲದ್ದು, ಅದಕ್ಕೇ ಅಗ್ಗ. ಅದೇ ದುಡ್ಡಿಗೆ ನಾಲ್ಕು ಮಷೀನು ಜಾಸ್ತಿ ಬರುತ್ತದೆ ಅಂತ ಅವತ್ತಿನ ಟಿಪ್ಪಣಿಯಲ್ಲೇ ಬರೆದಿದ್ದಾರೆ. ಮಷೀನು ಇಳಿಸಲು ಬಂದ ಹುಡುಗ ವಿಂಡೋಸ್ ಹಾಕಿಕೊಟ್ಟು ಹೋಗಿದ್ದಾನೆ. ಮಾರ್ಚ್ 31ರೊಳಗೆ ಬಿಲ್ ಪಾಸಾಗಬೇಕಿತ್ತು. ಮಷೀನು ಆನ್ ಆಗುತ್ತದೆ ಅನ್ನುವುದಷ್ಟೇ ಅವತ್ತು ನೋಡಿದ್ದು. ಯಾರೂ ಕೆಟ್ಟದ್ದು ಮಾಡಬೇಕು ಅಂತ ಮಾಡಿದ್ದಲ್ಲ.

ಉಳಿದ 12ರದು ದೊಡ್ಡ ಕತೆ ಏನಿಲ್ಲ. ಅಧ್ಯಾಪಕರ ಕೋಣೆಯ ಒಂಬತ್ತು ಹೊಸವು, ವಿಂಡೋಸ್ ಸಮೇತ ಬಂದವು. ಕಚೇರಿಯ ಮೂರು 2016ರವು, ಓಇಎಂ.

ಎರಡೂ ಬಾಗಿಲು ಮುಚ್ಚಿತ್ತು

ಈಗ ವಿಂಡೋಸ್ 11ರ ಷರತ್ತು ನೋಡಿ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದು, ಮತ್ತು ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ನಮ್ಮ ಹಳೆ 20ಕ್ಕೆ ಲೈಸೆನ್ಸ್ ಇದೆ, ಯೋಗ್ಯತೆ ಇಲ್ಲ. ಹಿಂದಿನ 24ಕ್ಕೆ ಯೋಗ್ಯತೆ ಇದೆ, ಲೈಸೆನ್ಸ್ ಇಲ್ಲ.

ಸ್ಟಾಫ್ ಮೀಟಿಂಗಿನಲ್ಲಿ ಹೇಳಿದೆ. ಒಬ್ಬ ಸಹೋದ್ಯೋಗಿ ತಕ್ಷಣ ಕೇಳಿದರು, "ಮೇಡಂ, ಹಳೆದರ ಲೈಸೆನ್ಸ್ ತೆಗೆದು ಹೊಸದಕ್ಕೆ ಹಾಕೋಣ. ಎರಡೂ ನಮ್ಮವೇ ಅಲ್ವಾ?"

ಆಗುವುದಿಲ್ಲ. ಓಇಎಂ ಲೈಸೆನ್ಸ್ ಆ ಪೆಟ್ಟಿಗೆಗೆ ಅಂಟಿಕೊಂಡದ್ದು. ಪೆಟ್ಟಿಗೆ ಗುಜರಿಗೆ ಹೋದರೆ ಲೈಸೆನ್ಸೂ ಅದರ ಜೊತೆಗೇ ಹೋಗುತ್ತದೆ.

ಹೆಚ್‌ಒಡಿ ಸರ್ ಅಂದರು, "ಯೂನಿವರ್ಸಿಟಿಗೆ ಕ್ಯಾಂಪಸ್ ಲೈಸೆನ್ಸ್ ಇದೆಯಲ್ಲಮ್ಮ, ಅದರಲ್ಲೇ ಎಲ್ಲ ಬರಲ್ವಾ?"

ನಾನೂ ಹಾಗೇ ಅಂದುಕೊಂಡಿದ್ದೆ. ಕಂಪ್ಯೂಟರ್ ಸೆಂಟರಿಗೆ ಫೋನ್ ಮಾಡಿದರೆ ಅವರೂ ಹಾಕಿಕೊಳ್ಳಿ ಅಂದರು. ಆದರೂ ಒಪ್ಪಂದದ ಪ್ರತಿ ತರಿಸಿ ಓದಿದೆ. ಸಂಸ್ಥೆಗಳಿಗೆ ಸಗಟಾಗಿ ಕೊಡುವ ವಿಂಡೋಸ್ ಲೈಸೆನ್ಸ್ ಅಪ್‌ಗ್ರೇಡ್ ಮಾತ್ರ. ಅಂದರೆ ಮಷೀನಿಗೆ ಮೊದಲೇ ಒಂದು ಮೂಲ ವಿಂಡೋಸ್ ಲೈಸೆನ್ಸ್ ಇರಬೇಕು, ಅದರ ಮೇಲೆ ಇದು ಏರುತ್ತದೆ. ಕೆಳಗೆ ಏನೂ ಇಲ್ಲದ ಡಾಸ್ ಮಷೀನಿಗೆ ಇದು ಸಲ್ಲುವುದಿಲ್ಲ. ತಾಂತ್ರಿಕವಾಗಿ ಹಾಕಿದರೆ ಸಕ್ರಿಯ ಆಗುತ್ತದೆ, ಹಸಿರು ಗುರುತೂ ಬರುತ್ತದೆ. ಹಾಗಾಗಿಯೇ ಜನ ಮೋಸ ಹೋಗುತ್ತಾರೆ. ಸಕ್ರಿಯವಾಗುವುದು ಬೇರೆ, ಹಕ್ಕು ಇರುವುದು ಬೇರೆ.

ಈ ಒಂದು ಸಾಲಿಗಾಗಿಯೇ ನಾನು ಈ ಪ್ರಕರಣ ಬರೆಯಲು ಕೂತದ್ದು. ಪ್ರತಿ ಲೈಸೆನ್ಸೂ ಯಾವುದಕ್ಕೋ ಅಂಟಿಕೊಂಡಿರುತ್ತದೆ. ಕೆಲವು ಪೆಟ್ಟಿಗೆಗೆ, ಕೆಲವು ಒಬ್ಬ ಮನುಷ್ಯನಿಗೆ, ಕೆಲವು ಒಂದು ಸರ್ವರಿಗೆ, ಕೆಲವು ಬರೀ ಒಂದು ವರ್ಷಕ್ಕೆ. ಯಾವುದಕ್ಕೆ ಅಂತ ಗೊತ್ತಿಲ್ಲದೆ ಕೊಂಡರೆ ಕೊಂಡಿದ್ದೂ ದಂಡ, ಬಳಸಿದ್ದೂ ತಪ್ಪು.

'ಮ್ಯಾಟ್‌ಲ್ಯಾಬ್ ಸಾಲುತ್ತಿಲ್ಲ'

ಇದೇ ಹೊತ್ತಿಗೆ ಇನ್ನೊಂದು ಇಂಡೆಂಟ್ ನನ್ನ ಟೇಬಲಿಗೆ ಬಂತು. ನಮ್ಮಲ್ಲಿ ಮ್ಯಾಟ್‌ಲ್ಯಾಬ್ ಅನ್ನುವ ಗಣಿತದ ಸಾಫ್ಟ್‌ವೇರಿನ ಹತ್ತು ಕನ್‌ಕರೆಂಟ್ ಲೈಸೆನ್ಸ್ ಇವೆ. ಎಷ್ಟು ಮಷೀನಿಗೆ ಬೇಕಾದರೂ ಹಾಕಿಕೊಳ್ಳಬಹುದು, ಒಂದೇ ಹೊತ್ತಿಗೆ ಹತ್ತು ಜನ ತೆರೆಯಬಹುದು. ಅದಕ್ಕೆ ಸೇರಿಸಿಕೊಳ್ಳುವ ಸಂಖ್ಯಾಶಾಸ್ತ್ರ ಟೂಲ್‌ಬಾಕ್ಸ್ ಮಾತ್ರ ಐದು. ಪಿಎಚ್‌ಡಿ ಹುಡುಗರಿಗೆ ಪದೇ ಪದೇ 'ಲೈಸೆನ್ಸ್ ಮ್ಯಾನೇಜರ್ ಎರರ್ ಮೈನಸ್ 4' ಬರುತ್ತಿತ್ತು. ಎಲ್ಲ ಸೀಟು ತುಂಬಿದೆ ಅಂತ ಅದರ ಅರ್ಥ. ಇನ್ನೂ ಹತ್ತು ಲೈಸೆನ್ಸ್ ಕೊಡಿಸಿ ಅಂತ ಇಂಡೆಂಟು.

ಮೊದಲು ಸರ್ವರಿನ ಲಾಗ್ ನೋಡೋಣ ಅಂದೆ. ಲೈಸೆನ್ಸ್ ಸರ್ವರ್ ಒಂದು ಸಾದಾ ಪಠ್ಯದ ಫೈಲಿನಲ್ಲಿ ಎಲ್ಲ ಬರೆದಿಡುತ್ತದೆ. ಯಾರಾದರೂ ತೆರೆದರೆ 'ಔಟ್', ಮುಚ್ಚಿದರೆ 'ಇನ್', ಸಿಗದೆ ವಾಪಸ್ ಹೋದರೆ 'ಡಿನೈಡ್'. ಪಕ್ಕದಲ್ಲಿ ಗಂಟೆ, ನಿಮಿಷ, ಬಳಕೆದಾರರ ಹೆಸರು, ಮಷೀನಿನ ಹೆಸರು. ಮೂರು ತಿಂಗಳ ಲಾಗನ್ನು 'ಆರ್' ಅನ್ನುವ ಉಚಿತ ಸಂಖ್ಯಾಶಾಸ್ತ್ರ ಸಾಫ್ಟ್‌ವೇರಿನಲ್ಲಿ ಹಾಕಿ ಎಣಿಸಲು ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿಗೆ ಕೊಟ್ಟೆ. ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಇದ್ದೂ ನಮ್ಮದೇ ಬಳಕೆ ನಾವು ಎಣಿಸದಿದ್ದರೆ ಹೇಗೆ?

ಅವಳು ತಂದ ನಕ್ಷೆ ಈಗಲೂ ನನ್ನ ಗೋಡೆಯ ಮೇಲಿದೆ. ಡಿನೈಡ್ ಆದದ್ದು ಬಹುತೇಕ ಎಲ್ಲ ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ, ಪ್ರಾಕ್ಟಿಕಲ್ ಹೊತ್ತಿನಲ್ಲಿ. ಆಗಲೂ ಮ್ಯಾಟ್‌ಲ್ಯಾಬ್‌ನ ಹತ್ತು ಸೀಟು ತುಂಬಿರಲಿಲ್ಲ. ತುಂಬಿದ್ದು ಟೂಲ್‌ಬಾಕ್ಸಿನ ಐದು. ಇನ್ನೂ ದಿಟ್ಟಿಸಿ ನೋಡಿದರೆ ಆ ಐದರಲ್ಲಿ ಎರಡು ಹಿಂದಿನ ಸಂಜೆಯಿಂದ 'ಔಟ್' ಆಗಿಯೇ ಇದ್ದವು. ಯಾರೋ ಮ್ಯಾಟ್‌ಲ್ಯಾಬ್ ತೆರೆದಿಟ್ಟು ಮನೆಗೆ ಹೋಗಿದ್ದಾರೆ. ಟೂಲ್‌ಬಾಕ್ಸಿನ ಒಂದೇ ಒಂದು ಫಂಕ್ಷನ್ ಕರೆದರೂ ಆ ಸೀಟು ಹಿಡಿದ ಹಾಗೆ, ಮ್ಯಾಟ್‌ಲ್ಯಾಬ್ ಪೂರ್ತಿ ಮುಚ್ಚುವವರೆಗೆ ಅದು ಬಿಡುವುದಿಲ್ಲ. ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿ ಇಳಿದು ಹೋದ ಹಾಗೆ.

ಹತ್ತು ಹೊಸ ಲೈಸೆನ್ಸ್ ಕೊಂಡಿದ್ದರೂ ಈ ತೊಂದರೆ ಹೋಗುತ್ತಿರಲಿಲ್ಲ. ನಾವು ಮಾಡಿದ್ದು ಇಷ್ಟೇ: ಪ್ರತಿ ಸಂಜೆ ಮುಚ್ಚಿ ಹೋಗಿ ಅಂತ ಹುಡುಗರಿಗೆ ನಕ್ಷೆ ತೋರಿಸಿ ಹೇಳಿದೆವು, ಸರ್ವರಿನ ಆಪ್ಷನ್ಸ್ ಫೈಲಿನಲ್ಲಿ ಸುಮ್ನೆ ಕೂತ ಸೀಟು ವಾಪಸ್ ಬರುವ ಹಾಗೆ ಮಾಡಿದೆವು, ಎಂ.ಎಸ್ಸಿ. ಪ್ರಾಕ್ಟಿಕಲನ್ನು ಆರ್‌ಗೆ ವರ್ಗಾಯಿಸಿದೆವು. ಇಂಡೆಂಟ್ ವಾಪಸ್ ಹೋಯಿತು. ಪಿಎಚ್‌ಡಿ ಹುಡುಗರಿಂದ ಆಮೇಲೆ ದೂರು ಬಂದಿಲ್ಲ.

ಆರ್ ವಿಷಯಕ್ಕೆ ಒಂದು ಮಾತು. ಅದು ಹುಟ್ಟಿದ್ದೂ ನಮ್ಮಂಥದೇ ಒಂದು ವಿಭಾಗದಲ್ಲಿ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರದ ಮೇಷ್ಟ್ರು ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ತಮ್ಮ ಲ್ಯಾಬಿನಲ್ಲಿ ಪಾಠ ಮಾಡಲು ಸರಿಯಾದ ಸಾಫ್ಟ್‌ವೇರ್ ಇಲ್ಲ ಅಂತ 1990ರ ದಶಕದ ಶುರುವಿನಲ್ಲಿ ಬರೆಯತೊಡಗಿದ್ದು ಅದು. 1995ರಲ್ಲಿ ಮುಕ್ತ ಲೈಸೆನ್ಸಿನಲ್ಲಿ ಬಿಟ್ಟರು. 2000ದ ಫೆಬ್ರುವರಿ 29ರಂದು ಮೊದಲ ಪೂರ್ಣ ಆವೃತ್ತಿ ಬಂತು. ಇವತ್ತು ಲೋಕವೆಲ್ಲ ಬಳಸುತ್ತದೆ. ತರಗತಿಯ ಮೊದಲ ದಿನ ಮಕ್ಕಳಿಗೆ ಇದನ್ನು ನಾನು ತಪ್ಪದೆ ಹೇಳುತ್ತೇನೆ.

ಹಣದ ಲೆಕ್ಕ

ಆ ವರ್ಷ ಉಪಕರಣಕ್ಕೆ ಅಂತ ನಮಗೆ 10 ಲಕ್ಷ ಮಂಜೂರಾಗಿತ್ತು. 2025ರ ಮಾರ್ಚ್ 31ರೊಳಗೆ ಖರ್ಚಾಗಬೇಕು, ಇಲ್ಲದಿದ್ದರೆ ಲ್ಯಾಪ್ಸ್. ಸಿದ್ಧವಾಗಿದ್ದ ಪ್ರಸ್ತಾವನೆ 18 ಡಾಸ್ ಮಷೀನುಗಳದ್ದು. 2021ರ ಒಂದು ಹಳೆ ಅಂದಾಜನ್ನೇ ನಕಲು ಮಾಡಿದ್ದರು. ಅದರಲ್ಲಿ ಜಿಎಸ್‌ಟಿ 5 ಪರ್ಸೆಂಟ್ ಅಂತ ಇತ್ತು.

ಆ ರಿಯಾಯಿತಿ ಒಂದು ಕಾಲಕ್ಕೆ ನಿಜವಾಗಿಯೂ ಇತ್ತು. ಸಂಶೋಧನೆಗೆ ಅಂತ ಪ್ರಮಾಣಪತ್ರ ಕೊಟ್ಟರೆ ವಿಶ್ವವಿದ್ಯಾಲಯಗಳಿಗೆ ವೈಜ್ಞಾನಿಕ ಉಪಕರಣ, ಕಂಪ್ಯೂಟರ್, ಸಾಫ್ಟ್‌ವೇರ್ ಮೇಲೆ 5 ಪರ್ಸೆಂಟ್ ತೆರಿಗೆ. 2022ರ ಜುಲೈ 18ರಿಂದ ಅದು ರದ್ದಾಯಿತು. ಈಗ ಪೂರ್ತಿ 18. ಹತ್ತು ಲಕ್ಷದ ಮಾಲಿಗೆ ಮೊದಲು 50,000 ತೆರಿಗೆ ಬೀಳುತ್ತಿತ್ತು, ಈಗ 1,80,000. ನಡುವಿನ 1,30,000 ಅಂದರೆ ಎರಡು ಮಷೀನಿನ ದುಡ್ಡು. ಹಳೆ ಅಂದಾಜಿನ ಮೇಲೆಯೇ ಟೆಂಡರ್ ಕರೆದಿದ್ದರೆ ಕೊನೆಗೆ ಹಣ ಸಾಲದೆ ಎಲ್ಲ ನಿಂತುಹೋಗುತ್ತಿತ್ತು.

ಇನ್ನೊಂದು ಕಟ್ಟು ಇದೆ. ಉಪಕರಣದ ಹಣ ಅನಾವರ್ತಕ ಶೀರ್ಷಿಕೆಯಲ್ಲಿ ಬರುತ್ತದೆ. ವರ್ಷ ವರ್ಷ ಕಟ್ಟುವ ಲೈಸೆನ್ಸ್ ಆವರ್ತಕ ವೆಚ್ಚ. ಒಂದರ ದುಡ್ಡನ್ನು ಇನ್ನೊಂದಕ್ಕೆ ಹಾಕಿದರೆ ಆಡಿಟ್ ಆಕ್ಷೇಪಣೆ ಖಂಡಿತ. ನಮಗೆ ಉಪಕರಣಕ್ಕೆ ಹತ್ತು ಲಕ್ಷ ಇತ್ತು. ವರ್ಷ ವರ್ಷ ದುಡ್ಡು ಕಟ್ಟಬೇಕಾದ ಸಂಖ್ಯಾಶಾಸ್ತ್ರ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್ ನವೀಕರಣಕ್ಕೆ ಬಿಡಿಗಾಸು ಇರಲಿಲ್ಲ. ಮಷೀನಿನ ಜೊತೆಗೇ ಬರುವ ಓಇಎಂ ವಿಂಡೋಸ್ ಮಾತ್ರ ಮಷೀನಿನ ಬೆಲೆಯೊಳಗೇ ಸೇರಿ ಉಪಕರಣದ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಪ್ರತ್ಯೇಕವಾಗಿ ಕೊಳ್ಳಲು ಹೋದರೆ ದುಡ್ಡೂ ಜಾಸ್ತಿ, ಶೀರ್ಷಿಕೆಯೂ ಸಿಗುವುದಿಲ್ಲ. ಡಾಸ್ ಮಷೀನ್ ಅಗ್ಗ ಅನ್ನುವ ವಾದ ಇಲ್ಲಿಗೆ ಬಿದ್ದುಹೋಯಿತು.

ಖರೀದಿ ಸಮಿತಿಗೆ ಹೊಸ ಟಿಪ್ಪಣಿ ಬರೆದೆ. 18ರ ಬದಲು 10 ಮಷೀನು, ವಿಂಡೋಸ್ 11 ಪ್ರೊ ಕಾರ್ಖಾನೆಯಲ್ಲೇ ಹಾಕಿದ್ದು, ಐದು ವರ್ಷದ ವಾರಂಟಿ. ಹಿಂದಿನ 24 ಐ5 ಮಷೀನಿಗೆ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ, ಕಳ್ಳ ವಿಂಡೋಸ್ ಅಳಿಸಿ ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್. 2014ರ 20ರಲ್ಲಿ ಗಟ್ಟಿಯಾಗಿರುವ 12ಕ್ಕೆ ಎಸ್‌ಎಸ್‌ಡಿ, ರ‍್ಯಾಮ್ ಮತ್ತು ಲಿನಕ್ಸ್; ಎಂಟು ಗುಜರಿಗೆ. ಮಿಕ್ಕ ದುಡ್ಡು ಯುಪಿಎಸ್‌ಗೆ. ಮೊದಲು 44 ಸೀಟು ಇದ್ದ ಲ್ಯಾಬು 46 ಸೀಟಿನದ್ದಾಗುತ್ತದೆ, ಒಂದು ಕಳ್ಳ ಪ್ರತಿಯೂ ಇರುವುದಿಲ್ಲ.

ಸಮಿತಿಯ ಒಬ್ಬ ಹಿರಿಯರು ಕೇಳಿದರು, "18 ಕೊಳ್ಳಬಹುದಾದಲ್ಲಿ 10 ಯಾಕೆ ಕೊಂಡಿರಿ ಅಂತ ಆಡಿಟ್‌ನವರು ಕೇಳಿದರೆ ಏನು ಹೇಳ್ತೀರಿ?" ನ್ಯಾಯವಾದ ಪ್ರಶ್ನೆ. ಆ 24 ಮಷೀನಿನ ಪರದೆಯ ಚಿತ್ರಗಳನ್ನು ಪ್ರಿಂಟ್ ತೆಗೆದು ಟಿಪ್ಪಣಿಗೆ ಲಗತ್ತಿಸಿದ್ದೆ. ಅದನ್ನು ಅವರ ಮುಂದಿಟ್ಟೆ. ಓದಿ ಸಹಿ ಹಾಕಿದರು.

ಟೆಂಡರ್ ಮತ್ತು ಎರಡು ಪೆಟ್ಟಿಗೆ

ರಾಜ್ಯದ ವಿಶ್ವವಿದ್ಯಾಲಯಗಳ ಖರೀದಿ ನಡೆಯುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999ರ ಪ್ರಕಾರ. ಎಲ್ಲರೂ ಕೆಟಿಪಿಪಿ ಅಂತಾರೆ. ಟೆಂಡರ್ ತಪ್ಪಿಸಲು ಖರೀದಿಯನ್ನು ತುಂಡು ಮಾಡಿ ಕೊಟೇಶನ್ ಮೇಲೆ ಮುಗಿಸೋಣ ಅಂತ ಒಂದು ಸಲಹೆ ಬಂತು. ಅದನ್ನು ಒಪ್ಪಲಿಲ್ಲ. ಆನ್‌ಲೈನ್ ಟೆಂಡರ್ ಕರೆದೆವು.

ತಾಂತ್ರಿಕ ವಿವರಣೆ ಬರೆಯುವಾಗ ಬ್ರ್ಯಾಂಡ್ ಹೆಸರು ಹಾಕುವ ಹಾಗಿಲ್ಲ. ಆದರೆ ವಿಂಡೋಸಿನ ಮಟ್ಟಿಗೆ ಮೂರು ಸಾಲು ಬಿಡಿಸಿ ಬರೆದೆ. ಕಾರ್ಖಾನೆಯಲ್ಲೇ ಹಾಕಿದ ಪ್ರೊ ಆವೃತ್ತಿ ಇರಬೇಕು. ಕೀ ಬಯೋಸಿನಲ್ಲಿ ಇರಬೇಕು. ಮಾಲು ಇಳಿಸಿದ ದಿನ ನಮ್ಮೆದುರು ಪರೀಕ್ಷೆ ಆಗಿ, ಓಇಎಂ ಅಂತ ತೋರಿದ ಮೇಲಷ್ಟೇ ಸ್ವೀಕೃತಿ. ಒಬ್ಬ ಬಿಡ್ಡರ್ ಡಾಸ್ ಮಷೀನು ಕೊಟ್ಟು ಕೀ ಬೇರೆ ಕೊಡುತ್ತೇವೆ ಅಂದರು, ಅವರದೇ ಕಡಿಮೆ ದರ ಆಗುವುದರಲ್ಲಿತ್ತು. ತಾಂತ್ರಿಕ ಹಂತದಲ್ಲೇ ಅವರ ಬಿಡ್ ನಿಂತಿತು, ಯಾಕಂದ್ರೆ ಷರತ್ತು ಟೆಂಡರಿನಲ್ಲೇ ಇತ್ತು. ಇಲ್ಲದಿದ್ದರೆ ಎಲ್1, ಅಂದರೆ ಎಲ್ಲರಿಗಿಂತ ಕಡಿಮೆ ದರದವರು, ಅಂತ ಅವರಿಗೇ ಕೊಡಬೇಕಾಗುತ್ತಿತ್ತು.

ಫೆಬ್ರುವರಿ ಕೊನೆಗೆ ಹತ್ತು ಪೆಟ್ಟಿಗೆ ಬಂದವು. ಒಂದೊಂದೇ ಬಿಚ್ಚಿ, ಅದೇ ಕಮಾಂಡ್ ಕೊಟ್ಟು, ಚೌಕದ ಫೋಟೊ ತೆಗೆದೆವು. ಎಂಟು ಸರಿ ಇದ್ದವು. ಎರಡರಲ್ಲಿ ಪ್ರೊ ಬದಲು ಹೋಮ್ ಆವೃತ್ತಿ. ಸಪ್ಲೈಯರ್ ಕಡೆಯವರು ವಾದ ಮಾಡಲಿಲ್ಲ, ಬದಲಾಯಿಸಿಕೊಡುತ್ತೇವೆ ಅಂದರು. ಆದರೆ ಬಿಲ್ಲಿಗೆ ಈಗಲೇ ಸಹಿ ಹಾಕಿ, ಮಾರ್ಚ್ ಬರುತ್ತಿದೆ ಅಂತ ಎಲ್ಲ ಕಡೆಯಿಂದ ಒತ್ತಡ. 2019ರ ಕಡತ ನೆನಪಾಯಿತು. ಹತ್ತೂ ಸರಿಯಾಗುವವರೆಗೆ ಸಹಿ ಹಾಕುವುದಿಲ್ಲ ಅಂದೆ. ಹದಿನೆಂಟು ದಿನ ಆಯಿತು. ಆ ಹದಿನೆಂಟು ದಿನ ನಿದ್ದೆ ಸರಿಯಾಗಿ ಬಂದಿಲ್ಲ ನನಗೆ. ಮಾರ್ಚ್ 20ರ ಹೊತ್ತಿಗೆ ಎರಡೂ ಬಂದವು, ಬಿಲ್ಲು ಹೋಯಿತು.

ಲಿನಕ್ಸ್, ಪ್ರಿಂಟರ್, ನುಡಿ

ಬೇಸಿಗೆ ರಜೆಯಲ್ಲಿ 36 ಮಷೀನಿಗೆ ಲಿನಕ್ಸಿನ ಒಂದು ರೂಪವಾದ ಉಬುಂಟು 24.04 ಹಾಕಿದೆವು. ಇದು ಐದು ವರ್ಷ ಬೆಂಬಲ ಇರುವ ಆವೃತ್ತಿ. ಆರ್, ಪೈಥಾನ್, ಮ್ಯಾಟ್‌ಲ್ಯಾಬ್‌ನಂಥದೇ ಆದ ಜಿಎನ್‌ಯು ಆಕ್ಟೇವ್, ಲಿಬ್ರೆ ಆಫೀಸ್. ಎಸ್‌ಎಸ್‌ಡಿ ಹಾಕಿದ 2014ರ ಐ3 ಎಷ್ಟು ಚುರುಕಾಯಿತು ಅಂದರೆ, ಅಟೆಂಡರ್ ಅಣ್ಣ ಇದು ಅದೇ ಮಷೀನಾ ಅಂತ ಸೀರಿಯಲ್ ನಂಬರ್ ಬಗ್ಗಿ ನೋಡಿದರು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಲ್ಲಿ ಕನ್ನಡದ ದನಿಯಲ್ಲಿ ಇರುವವೂ ಇವೆ. ಹಳ್ಳಿಯಿಂದ ಬಂದ, ಲಿನಕ್ಸ್ ಹೆಸರೇ ಕೇಳದ ಮಕ್ಕಳಿಗೆ ಅವು ತುಂಬಾ ಉಪಯೋಗಕ್ಕೆ ಬಂದವು.

ಎಡವಿದ್ದು ಪ್ರಿಂಟರಿನಲ್ಲಿ. ನಮ್ಮ ಹಳೆ ಲೇಸರ್ ಪ್ರಿಂಟರಿಗೆ ಲಿನಕ್ಸಿನಲ್ಲಿ ಸರಿಯಾದ ಡ್ರೈವರ್ ಕೂರಲಿಲ್ಲ. ಪ್ರಾಕ್ಟಿಕಲ್ ರೆಕಾರ್ಡಿಗೆ ಪ್ರಿಂಟ್ ಬೇಕೇ ಬೇಕು. ಒಂದು ವಾರ ಮಕ್ಕಳು ಫೈಲನ್ನು ಪಿಡಿಎಫ್ ಮಾಡಿ ಹೊಸ ವಿಂಡೋಸ್ ಮಷೀನಿನ ಮುಂದೆ ಸಾಲು ನಿಂತರು. ಕೊನೆಗೆ ಪ್ರಿಂಟರನ್ನು ಅದೇ ಮಷೀನಿಗೆ ಜೋಡಿಸಿ ನೆಟ್‌ವರ್ಕಿನಲ್ಲಿ ಹಂಚಿದೆವು. ಲಿನಕ್ಸ್ ಹಾಕುವ ಮೊದಲೇ ಪ್ರಿಂಟರ್, ಸ್ಕ್ಯಾನರ್, ಪ್ರೊಜೆಕ್ಟರ್ ಒಂದೊಂದನ್ನೂ ಪರೀಕ್ಷಿಸಬೇಕಿತ್ತು.

ನಿವೃತ್ತಿಗೆ ಹತ್ತಿರ ಇದ್ದ ಪ್ರೊಫೆಸರ್ ಒಬ್ಬರ ಇಪ್ಪತ್ತು ವರ್ಷದ ಎಸ್‌ಪಿಎಸ್‌ಎಸ್ ಫೈಲುಗಳಿದ್ದವು. ಅವರ ಆತಂಕ ಸಹಜ. ಅವರ ಎದುರೇ ಕೂತು ಒಂದು ಫೈಲನ್ನು ಆರ್‌ನಲ್ಲಿ ತೆರೆದು ತೋರಿಸಿದೆ. ಪ್ರಶ್ನೆಗಳ ಲೇಬಲ್ಲುಗಳೂ ಹಾಗೇ ಬಂದವು. ಸಂಶೋಧನೆಗೆ ಬೇಕಾದವರಿಗೆ ಐದು ಎಸ್‌ಪಿಎಸ್‌ಎಸ್ ಉಳಿಸಿಕೊಂಡೆವು, ಹೊಸ ವಿಂಡೋಸ್ ಮಷೀನಿನಲ್ಲಿ.

ಕಚೇರಿಯ ಮೂರು ಮಷೀನಿನ ಮಾತೇ ಬೇರೆ. ಸೂಪರಿಂಟೆಂಡೆಂಟ್ ಮೇಡಂ ಅಂದರು, "ನುಡಿ ಇಲ್ಲದಿದ್ರೆ ನಮ್ಮ ಕೆಲಸ ನಿಂತುಹೋಗತ್ತೆ." ಲಿನಕ್ಸಿನಲ್ಲೂ ಕಗಪ ಕೀಲಿಮಣೆ ಇದೆ, ಯೂನಿಕೋಡಿನಲ್ಲಿ ಅವರ ಬೆರಳಿನ ಅಭ್ಯಾಸವೇ ನಡೆಯುತ್ತದೆ. ಆದರೆ ಹದಿನೈದು ವರ್ಷದ ಪತ್ರಗಳು ಹಳೆ ನುಡಿ ಫಾಂಟಿನಲ್ಲಿವೆ, ದಿನಾ ಅವನ್ನೇ ತೆರೆದು ತಿದ್ದಬೇಕು. ಅವರ ಮಾತೇ ಸರಿ ಅನ್ನಿಸಿತು. ಆ ಮೂರಕ್ಕೆ ವಿಂಡೋಸ್ 10ನ್ನೇ ಉಳಿಸಿ, ವಿಸ್ತರಿತ ಭದ್ರತಾ ಅಪ್‌ಡೇಟ್ ತೆಗೆದುಕೊಂಡೆವು. ಶಿಕ್ಷಣ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಇದನ್ನು ಮೊದಲ ವರ್ಷ ಮಷೀನಿಗೆ ಒಂದು ಡಾಲರ್, ಎರಡನೇ ವರ್ಷ ಎರಡು, ಮೂರನೇ ವರ್ಷ ನಾಲ್ಕು ಡಾಲರಿಗೆ ಕೊಡುತ್ತದೆ. ವಿಶ್ವವಿದ್ಯಾಲಯದ ಒಪ್ಪಂದದ ಮೂಲಕವೇ ಸಿಕ್ಕಿತು. ಮೂರು ವರ್ಷ ಸಮಯ ಸಿಕ್ಕಿದೆ, ಅಷ್ಟರೊಳಗೆ ಹಳೆ ಪತ್ರಗಳನ್ನು ಯೂನಿಕೋಡಿಗೆ ತರುವ ಕೆಲಸ ಶುರುವಾಗಿದೆ.

ಇನ್ನೊಂದು ರಿಜಿಸ್ಟರ್

ಎಸ್‌ಪಿಎಸ್‌ಎಸ್ ನವೀಕರಿಸಲು ಹೋದಾಗ ಲಾಗಿನ್ ಆಗಲು ಬೇಕಾದ ಇಮೇಲ್ ನಾಲ್ಕು ವರ್ಷದ ಹಿಂದೆ ನಿವೃತ್ತರಾದ ಸರ್ ಅವರ ಸ್ವಂತದ್ದು ಅಂತ ಗೊತ್ತಾಯಿತು. ಫೋನ್ ಮಾಡಿದೆ. "ಹೇಳಮ್ಮ, ಆ ಮೇಲ್‌ಗಳೆಲ್ಲ ಇನ್ನೂ ನನಗೇ ಬರ್ತಾವೆ, ಯಾರೂ ಕೇಳಲಿಲ್ಲ ಅಂತ ಸುಮ್ನಿದ್ದೆ" ಅಂದರು. ಅದೇ ಸಂಜೆ ಮೊಮ್ಮಗಳ ಕೈಲಿ ಹುಡುಕಿಸಿ ಎಲ್ಲ ಕಳಿಸಿಕೊಟ್ಟರು. ಅವರು ದೊಡ್ಡ ಮನಸ್ಸಿನವರು, ನಮ್ಮ ಪುಣ್ಯ. ಈಗ ಎಲ್ಲ ಲೈಸೆನ್ಸೂ ವಿಭಾಗದ ಹೆಸರಿನ ಒಂದು ಇಮೇಲಿಗೆ ಸೇರಿವೆ. ಅದರ ಪಾಸ್‌ವರ್ಡ್ ಹೆಚ್‌ಒಡಿ ಕೋಣೆಯ ಬೀರುವಿನಲ್ಲಿ, ಮುಚ್ಚಿದ ಲಕೋಟೆಯಲ್ಲಿದೆ.

ಅವಧಿಯ ತೊಂದರೆ ಇನ್ನೂ ಸೂಕ್ಷ್ಮದ್ದು. ಹಣಕಾಸಿನ ವರ್ಷ ಏಪ್ರಿಲ್‌ನಿಂದ. ಪಾಠದ ವರ್ಷ ಅದಾಗಿ ಎಷ್ಟೋ ತಿಂಗಳಿಗೆ. ಲೈಸೆನ್ಸಿನ ವರ್ಷ ಮಾತ್ರ ಬಿಲ್ಲಾದ ದಿನದಿಂದ. ನಾವು ಯಾವಾಗಲೂ ಮಾರ್ಚಿನಲ್ಲಿ ಕೊಳ್ಳುತ್ತಿದ್ದದ್ದರಿಂದ ಮಾರ್ಚಿನಲ್ಲೇ ಮುಗಿಯುತ್ತಿತ್ತು. ಹೊಸ ಬಜೆಟ್ ಕೈಗೆ ಬರುವುದು ಜೂನ್ ದಾಟಿ. ನಡುವಿನ ತಿಂಗಳುಗಳಲ್ಲೇ ಹುಡುಗರ ಡೆಸರ್ಟೇಶನ್. ಹಾಗಾಗಿ ಪ್ರತಿ ವರ್ಷ ಅದೇ ಹೊತ್ತಿಗೆ ಸಾಫ್ಟ್‌ವೇರ್ ಇರುತ್ತಿರಲಿಲ್ಲ, ಅದೇ ಹೊತ್ತಿಗೆ ಕಳ್ಳ ಪ್ರತಿಗಳು ಒಳಗೆ ಬರುತ್ತಿದ್ದವು. ಈ ಸಲ ಸಪ್ಲೈಯರ್ ಜೊತೆ ಮಾತಾಡಿ ಅವಧಿ ಜುಲೈ 1ರಿಂದ ಶುರುವಾಗುವಂತೆ ಆರ್ಡರಿನಲ್ಲೇ ಬರೆಸಿದೆವು. ಆವರ್ತಕ ವೆಚ್ಚದಲ್ಲಿ ಇದಕ್ಕೊಂದು ಸಾಲು ಬೇಕು ಅಂತ ಹಣಕಾಸು ಅಧಿಕಾರಿಗೆ ಬರೆದ ಪತ್ರಕ್ಕೆ ಒಪ್ಪಿಗೆ ಬಂತು.

ಬಿಲ್ ಪಾಸ್ ಮಾಡಲು 'ಮಾಲು ಸುಸ್ಥಿತಿಯಲ್ಲಿ ಬಂದಿದೆ, ಇಂಥ ಪುಟದಲ್ಲಿ ದಾಖಲಾಗಿದೆ' ಅಂತ ಬರೆಯಬೇಕು. ಇಮೇಲಿನಲ್ಲಿ ಬಂದ ಲೈಸೆನ್ಸಿಗೆ ಪುಟ ಎಲ್ಲಿಂದ ತರುವುದು? ಹೊಸ ರಿಜಿಸ್ಟರ್ ತೆರೆದು, ಪುಟಗಳಿಗೆ ನಂಬರ್ ಹಾಕಿಸಿ, ಹೆಚ್‌ಒಡಿ ಸಹಿ ಮಾಡಿಸಿದೆ. ಪ್ರತಿ ಸಾಲಿನಲ್ಲಿ ಸಾಫ್ಟ್‌ವೇರಿನ ಹೆಸರು, ಎಷ್ಟು ಸೀಟು, ಯಾವುದಕ್ಕೆ ಅಂಟಿಕೊಂಡದ್ದು, ಶುರುವಾಗುವ ದಿನ, ಮುಗಿಯುವ ದಿನ, ಆರ್ಡರ್ ಪತ್ರ ಇರುವ ಕಡತ. ಮುಗಿಯುವ ದಿನ ಕೆಂಪು ಇಂಕಿನಲ್ಲಿ, ಅದಕ್ಕೆ ನಾಲ್ಕು ತಿಂಗಳು ಮುಂಚಿನ ಇಂಡೆಂಟ್ ದಿನ ನೀಲಿಯಲ್ಲಿ. ಆಡಿಟ್‌ನವರು ಬಂದಾಗ ಮೊದಲು ಕೇಳಿದ್ದು ಇದನ್ನೇ, ಒಂದು ಫೋಟೊ ತೆಗೆದುಕೊಂಡು ಹೋದರು.

2025ರ ಅಕ್ಟೋಬರ್ 14 ಮಂಗಳವಾರ ಆಗಿತ್ತು. ಮಧ್ಯಾಹ್ನ ಎಂ.ಎಸ್ಸಿ. ಪ್ರಾಕ್ಟಿಕಲ್, 46 ಮಷೀನೂ ಆನ್ ಆಗಿದ್ದವು. ಗುಜರಿಗೆ ಹೋಗಬೇಕಾದ ಎಂಟು ಇನ್ನೂ ಕಾರಿಡಾರಿನಲ್ಲಿವೆ. ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಾಯಿತ ಸಂಸ್ಥೆಗಳಿಗೇ ಕೊಡಬೇಕು, ಅದಕ್ಕೆ ಮೊದಲು ನಿರುಪಯುಕ್ತ ಅಂತ ಸಮಿತಿ ಘೋಷಿಸಬೇಕು. ಹಾರ್ಡ್ ಡಿಸ್ಕ್ ಎಂಟನ್ನೂ ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಹತ್ತು ವರ್ಷದ ಇಂಟರ್ನಲ್ ಮಾರ್ಕ್ಸ್ ಅವುಗಳಲ್ಲಿವೆ. ಪೂರ್ತಿ ಅಳಿಸಿದ ಮೇಲೆಯೇ ಅವು ಹೊರಗೆ ಹೋಗುವುದು.